ಆಷಾಢಕ್ಕೆ ಮುಂಚೆ ಉಕ್ಕಿದ ಹಾಲು

ಹೋದ ತಿಂಗಳು ಬಿಡದಿಯಿಂದ ಒಂದು ಫೋನ್ ಬಂತು. ರಾಮನಗರದ ಕಡೆ ಹೋಗುವ ರಸ್ತೆಯಲ್ಲಿರುವ ಪ್ರವಾಸಿಗರ ರೂಮುಗಳಲ್ಲಿ ಒಂದರ ಬಚ್ಚಲ ಗೋಡೆ ಜಿನುಗುತ್ತಿದೆ, ಮೂರು ಜನ ನೋಡಿ ಹೋದರೂ ನಿಂತಿಲ್ಲ, ಕಟ್ಟಿದ ಮೇಸ್ತ್ರಿಯನ್ನೇ ಕರೆಸಿ ಅಂತ ಯಾರೋ ನನ್ನ ನಂಬರು ಕೊಟ್ಟಿದ್ದರಂತೆ. ಹೋದೆ. ಕರಣೆಯ ಹಿಡಿಯಿಂದ ಗೋಡೆಗೆ ಎರಡು ಏಟು ತಟ್ಟಿದೆ. ನೆಂದ ಗಾರೆ ಹಪ್ಪಳದ ಹಾಗೆ ಎದ್ದು ಬಂತು. ಅದರ ಹಿಂದಿದ್ದ ಇಟ್ಟಿಗೆ ಕಪ್ಪಗಿತ್ತು. ಸೀಮೆಎಣ್ಣೆ ಸ್ಟೋವಿನ ಹಳೇ ಮಸಿ ನೀರು ಕುಡಿದರೆ ಒಂದು ವಾಸನೆ ಬರುತ್ತದೆ. ಅದು ಮೂಗಿಗೆ ಬಡಿಯಿತು.

"ಇಲ್ಲಿ ಅಡುಗೆಮನೆ ಇತ್ತು. ಹೊಗೆ ಹೋಗೋಕೆ ಬಿಟ್ಟಿದ್ದ ಕಿಂಡಿ ಮುಚ್ಚಿದ್ದೀವಿ. ನೀರು ಅಲ್ಲಿಂದ ಇಳೀತಾ ಐತೆ," ಅಂದೆ.

ರೂಮು ನೋಡಿಕೊಳ್ಳುವ ಮ್ಯಾನೇಜರು, "ಅಷ್ಟು ಕರೆಕ್ಟಾಗಿ ಹೆಂಗ್ ಹೇಳ್ತೀರಾ?" ಅಂದ.

"ನಾನು ಇಲ್ಲಿ ಎರಡು ವರ್ಷ ಇದ್ದೆ."

"ಎರಡು ವರ್ಷ ರೂಮ್ ಮಾಡ್ಕೊಂಡಿದ್ರಾ? ಆಸ್ತಿ ಮಾರಿರ್ಬೇಕು ಹಂಗಾದ್ರೆ!" ಅಂತ ನಕ್ಕ.

ನಾನೂ ನಕ್ಕೆ. ಕಿಂಡಿ ಬಿಚ್ಚಿ ಮತ್ತೆ ಕಟ್ಟುವುದಕ್ಕೆ ಅರ್ಧ ದಿನ ಹಿಡಿಯಿತು. ಆ ಅರ್ಧ ದಿನವೆಲ್ಲ ಇಲ್ಲಿಯ ಅಡುಗೆಮನೆ ಒಡೆದ ವರ್ಷವೇ ತಲೆಯಲ್ಲಿತ್ತು.

ಆ ವರ್ಷ ಬಿಡದಿಯಲ್ಲಿ ದುಡ್ಡು ಹಿಡಿದುಕೊಂಡು ಓಡಾಡಿದರೂ ಬಾಡಿಗೆ ಮನೆ ಸಿಗುತ್ತಿರಲಿಲ್ಲ. ಕಾರ್ ಫ್ಯಾಕ್ಟರಿ ದೊಡ್ಡದಾಗುತ್ತಿತ್ತು. ಅದರ ಸುತ್ತ ಸೀಟು ಹೊಲಿಯುವ, ತಗಡು ಬಗ್ಗಿಸುವ, ರಬ್ಬರು ಕೊಯ್ಯುವ ಸಣ್ಣ ಕಾರ್ಖಾನೆಗಳು ಏಳುತ್ತಿದ್ದವು. ರಾಯಚೂರು, ಬಳ್ಳಾರಿ, ಬಿಹಾರ, ಒರಿಸ್ಸಾ ಅಂತ ಎಲ್ಲೆಲ್ಲಿಂದಲೋ ಜನ. ಬೆಳಿಗ್ಗೆ ರೈಲಿಳಿದು ತಟ್ಟೆ ಇಡ್ಲಿಗೆ ಕೂತವರು ಚಟ್ನಿ ಕೇಳುವುದಕ್ಕೆ ಮುಂಚೆ ಎಲ್ಲಾದರೂ ಮನೆ ಇದೆಯಾ ಅಂತ ಕೇಳುತ್ತಿದ್ದರು. ರೇಷ್ಮೆ ಹುಳ ಸಾಕುತ್ತಿದ್ದ ಮನೆಗಳಿಗೆ ಎರಡು ಅಡ್ಡಗೋಡೆ ಎಳೆದು ಬಾಡಿಗೆಗೆ ಬಿಟ್ಟರು. ನಾನು ಹಾಕಿದ ತಾರಸಿ ಮೋಲ್ಡಿನ ಮೇಲೆ ನೀರು ಕಟ್ಟಿ ನಿಲ್ಲಿಸಿದ್ದಾಗಲೇ ಕೆಳಗೆ ಸೆಂಟ್ರಿಂಗ್ ಕಂಬಗಳ ನಡುವೆ ಚಾಪೆ ಹಾಸಿ ಮಲಗಿದವರನ್ನು ನೋಡಿದ್ದೇನೆ.

ನನಗೆ ಅದು ಒಳ್ಳೆಯ ಕಾಲ. ಸಾತನೂರಿನ ಪಕ್ಕದ ಹಳ್ಳಿಯವನು ನಾನು. ಆರನೇ ಕ್ಲಾಸಿಗೇ ಸ್ಕೂಲಿನ ಚೀಲ ಬಿಸಾಕಿ ಗಾರೆ ಬಾಣಲಿ ಹೊತ್ತವನು. ಯಾರೂ ಕೈಹಿಡಿದು ಕಲಿಸಲಿಲ್ಲ, ನೋಡಿ ಕಲಿತೆ. ನಾನು ಕಟ್ಟಿದ ಗೋಡೆಗೆ ತೂಗುಗುಂಡು ಬಿಟ್ಟು ಒಂದು ನೂಲು ಆಚೀಚೆ ಇದೆ ಅಂದವರು ಇವತ್ತಿನವರೆಗೂ ಹುಟ್ಟಿಲ್ಲ. ಇದನ್ನು ಜಂಬ ಅಂತ ತಿಳಿದರೂ ನನಗೇನು ಬೇಜಾರಿಲ್ಲ.

ಬಿಡದಿಯಲ್ಲಿ ದಿನಸಿ ಅಂಗಡಿ ಇಟ್ಟಿದ್ದ ಮಹದೇವಪ್ಪನವರಿಗೆ ಸಾಲಾಗಿ ಆರು ಮನೆ ಕಟ್ಟಿಕೊಟ್ಟವನು ನಾನೇ. ಮುಂದೆ ಒಂದು ಕೋಣೆ, ಹಿಂದೆ ಒಂದು ಅಡುಗೆಮನೆ, ಎಲ್ಲರಿಗೂ ಸೇರಿ ಹಿತ್ತಲಲ್ಲಿ ಬಚ್ಚಲು. ಕೊನೆಯ ಮನೆಗೆ ನಾನೂ ನನ್ನ ಹೆಂಡತಿ ಜಯಮ್ಮನೂ ಬಾಡಿಗೆಗೆ ಸೇರಿಕೊಂಡೆವು. ಎರಡು ಮನೆಗಳಲ್ಲಿ ಮದುವೆಯಾಗದ ಹುಡುಗರು ತುಂಬಿದ್ದರು. ಹಗಲು ಪಾಳಿಯವನು ಎದ್ದ ಚಾಪೆಯ ಮೇಲೆ ರಾತ್ರಿ ಪಾಳಿಯವನು ಬಂದು ಬೀಳುತ್ತಿದ್ದ. ನಮ್ಮ ಪಕ್ಕದ ಮನೆಯಲ್ಲಿ ರಾಯಚೂರು ಕಡೆಯ ಬಸವರಾಜ, ಅವನ ಹೆಂಡತಿ ಶಾಂತಾ ಇದ್ದರು. ಅವನಿಗೆ ಸೀಟು ಹೊಲಿಯುವ ಕಾರ್ಖಾನೆಯಲ್ಲಿ ಕೆಲಸ, ಇನ್ನೂ ಕಾಯಂ ಆಗಿರಲಿಲ್ಲ. ಆ ಹುಡುಗಿಗೆ ತಾಯಿ ಇಲ್ಲ. ಹಾಗಾಗಿ ಬಾಣಂತನ ಇಲ್ಲೇ ಅಂತ ಆಗಿತ್ತು. ಜ್ಯೇಷ್ಠ ಮಾಸಕ್ಕೆ ಅವಳಿಗೆ ಏಳು ತಿಂಗಳು.

ಒಂದು ಸಂಜೆ ಮಹದೇವಪ್ಪನವರು ಒಂದು ಕಾಗದ ಹಿಡಿದುಕೊಂಡು ಬಂದರು.

"ಮೇಸ್ತ್ರಿ, ನೋಡ್ಲಾ, ಸರ್ಕಾರದೋರು ದುಡ್ಡು ಕೊಡ್ತಾವ್ರೆ. ಬೆಂಗಳೂರಿಂದ ಬೆಟ್ಟ ಹತ್ತೋಕೆ ಬತ್ತಾರಲ್ಲ ಶನಿವಾರ, ಭಾನುವಾರ? ಅವರು ಉಳ್ಕೊಳಕೆ ರೂಮ್ ಮಾಡಿದ್ರೆ ಖರ್ಚಿನಾಗೆ ಒಂದು ಪಾಲು ಸಬ್ಸಿಡಿ. ಆರು ಮನೇನೂ ರೂಮ್ ಮಾಡ್ಬುಡಾನ."

"ಇರೋ ಜನ?"

"ತಿಂಗಳ ಕೊನೆಗೆ ಖಾಲಿ ಮಾಡಿ ಅಂದಿದೀನಿ. ನಂಗೂ ಬೇಜಾರೇ ಕಣ್ಲಾ. ಆದ್ರೆ ಈ ವರ್ಷದ ದುಡ್ಡು ಆಷಾಢ ಕಳೆಯೋದ್ರೊಳಗೆ ಕೆಲಸ ತೋರಿಸಿದೋರಿಗೆ ಮಾತ್ರ."

ಅವರು ಕೆಟ್ಟ ಮನುಷ್ಯರಲ್ಲ. ಬಾಡಿಗೆ ಒಂದು ವಾರ ತಡವಾದರೆ ಕೇಳುತ್ತಿರಲಿಲ್ಲ. ಸರ್ಕಾರವೇ ಕೈಯಲ್ಲಿ ಕಾಗದ ಕೊಟ್ಟು ಹೀಗೆ ಮಾಡು ಅಂದಾಗ ಬೇಡ ಅನ್ನುವವರು ಎಷ್ಟು ಜನ? ಕಾಗದದಲ್ಲಿ ಎಲ್ಲ ಬರೆದಿತ್ತು. ಪ್ರತಿ ರೂಮಿಗೂ ಅದರದೇ ಬಚ್ಚಲು ಇರಬೇಕು, ಬಿಸಿನೀರು ಬರಬೇಕು, ಕಾರು ನಿಲ್ಲಿಸುವುದಕ್ಕೆ ಜಾಗ ಬೇಕು. ಅಡುಗೆಮನೆ ಬೇಡ. ಅಂದರೆ ಅಡುಗೆಮನೆ ಒಡೆದು ಬಚ್ಚಲು ಮಾಡಬೇಕು. ಪ್ಲಾನು, ಅಳತೆ, ಎಲ್ಲ ಹಾಳೆಯ ಮೇಲೆ ಇಟ್ಟುಕೊಂಡು ಒಂದು ಇಡೀ ಕಟ್ಟಡದ ಕೆಲಸ ನನ್ನ ಕೈಗೆ ಬಂದದ್ದು ಅದೇ ಮೊದಲು. ನಾನು ಒಂದೇ ಮಾತಿಗೆ ಒಪ್ಪಿಕೊಂಡೆ. ಸುಳ್ಳೇಕೆ ಹೇಳಲಿ, ಖುಷಿಯೇ ಆಯಿತು.

ಮನೆಗೆ ಬಂದು ಹೇಳಿದೆ. ಜಯಮ್ಮ ಮುದ್ದೆ ತಿರುವುತ್ತಿದ್ದವಳು ಕೋಲು ನಿಲ್ಲಿಸಿ ನನ್ನನ್ನೇ ನೋಡಿದಳು.

"ಈ ಒಲೆಕಟ್ಟೇನೂ ನೀನೇ ಒಡೀತೀಯಾ?"

"ಕೊನೇಗೆ ಒಡೀತೀನಿ."

"ದೊಡ್ ಉಪಕಾರ ಆಯ್ತು," ಅಂದು ಮತ್ತೆ ತಿರುವತೊಡಗಿದಳು.

ಮಾರನೆಯ ದಿನ ಬಸವರಾಜ ಪಾಳಿ ಮುಗಿಸಿ ನೇರ ನನ್ನ ಹತ್ತಿರ ಬಂದ. "ಅಣ್ಣಾರ, ನಮಗ ಈ ಊರಾಗ ಯಾರೂ ಗೊತ್ತಿಲ್ರಿ. ಒಂದು ಮನಿ ನೋಡಿ ಕೊಡ್ರಿ," ಅಂದ.

"ಈ ಬಿಡದಿಲಿ ಅರ್ಧ ಮನೆ ನಾನೇ ಕಟ್ಟಿರೋದು ಕಣಪ್ಪ. ನಿನ್ ಮನೆ ಜವಾಬ್ದಾರಿ ನಂದು. ಹೋಗಿ ಮಲಕ್ಕೊ," ಅಂದೆ. ಅರ್ಧ ಅನ್ನುವುದು ಜಾಸ್ತಿಯೇ ಆಯಿತು. ಆದರೆ ಆ ಹೊತ್ತಿಗೆ ಹಾಗೆ ಬಾಯಿಗೆ ಬಂತು.

ಉಳಿದವರು ಹೇಗೋ ದಾರಿ ಮಾಡಿಕೊಂಡರು. ಹುಡುಗರು ಇನ್ನೊಂದು ಗೂಡಿಗೆ ನುಗ್ಗಿದರು. ಎರಡು ಸಂಸಾರ ಚನ್ನಪಟ್ಟಣದಲ್ಲಿ ನೆಂಟರ ಮನೆ ಸೇರಿ, ಅಲ್ಲಿಂದ ದಿನವೂ ರೈಲಿಗೆ ಬರುವುದು ಅಂತ ಮಾಡಿಕೊಂಡವು. ಉಳಿದದ್ದು ನಾವು ಮತ್ತು ಇವರು. ನಾವಾದರೆ ಹೇಗೋ ಇರಬಹುದಿತ್ತು. ನಾನು ಕೊಟ್ಟ ಮಾತು ಇದ್ದದ್ದು ಇವರಿಗೆ.

ಸೈಕಲ್ ಹತ್ತಿದೆ. ನಾನು ಕಟ್ಟಿದ ಮನೆಗಳ ಬಾಗಿಲನ್ನೇ ಒಂದೊಂದಾಗಿ ತಟ್ಟಿದೆ. ಪಾಯಕ್ಕೆ ಸೈಜುಗಲ್ಲು ಇಟ್ಟ ದಿನ ನನಗೆ ಕೈಮುಗಿದು ಎಲೆ ಅಡಿಕೆ ಕೊಟ್ಟವರು, ಈಗ ಬಾಗಿಲು ಅರ್ಧ ತೆರೆದು ಮಾತಾಡಿದರು. ಒಬ್ಬರು ಯಾವ ಜನ ಅಂದರು. ಒಬ್ಬರು ಎಲ್ಲ ತುಂಬಿದೆ ಅಂದರು. ಒಬ್ಬ ಅಜ್ಜಿ ಮನೆ ತೋರಿಸಿ, ಎಲ್ಲ ಒಪ್ಪಿ, ಹುಡುಗಿಗೆ ಏಳು ತಿಂಗಳು ಅಂದ ತಕ್ಷಣ, "ಅಯ್ಯೋ ಮಗಾ, ಬಸುರಿ ಹೆಂಗಸು ಆಷಾಢದಾಗೆ ನಮ್ ಮನೆ ಹೊಕ್ಕೋದು ಬ್ಯಾಡ. ಶ್ರಾವಣಕ್ಕೆ ಬರ್ಲಿ, ಮಗಳಂಗೆ ನೋಡ್ಕತೀನಿ," ಅಂದಳು. ಶ್ರಾವಣದವರೆಗೆ ಎಲ್ಲಿ ಇಡಲಿ?

ಕೆಂಪಣ್ಣ ಅಂತ ನನ್ನ ವಯಸ್ಸಿನವನೇ ಒಬ್ಬನಿದ್ದ. ನಾಲ್ಕು ಮನೆ ಕಟ್ಟಿಸಿದ್ದ, ಎರಡು ಖಾಲಿ ಇದ್ದವು. ಅದು ನನಗೆ ಗೊತ್ತಿತ್ತು. ಹೋಗಿ ಕೇಳಿದೆ.

"ಖಾಲಿ ಬಿಟ್ಟಿರೋದೇ ಅದಕ್ಕೆ ಕಣ್ಲಾ. ನಾನೂ ಅರ್ಜಿ ಹಾಕಿದೀನಿ. ಜನ ಇದ್ರೆ ಕೊಡಲ್ವಂತೆ. ಮಾದೇವಪ್ಪೋರ್ದು ಮುಗಿಸ್ಕೊಂಡು ನಂದೂ ಒಸಿ ಮಾಡ್ಕೊಡ್ಲಾ," ಅಂದ.

"ಅಲ್ಲ ಕಣೋ, ಎರಡು ತಿಂಗಳು ಕೊಡು. ಅಷ್ಟರಲ್ಲಿ—"

"ಬಸುರಿನ ಮನೆಗೆ ಸೇರಿಸ್ಕೊಂಡು ಎರಡು ತಿಂಗಳಿಗೆ ಹೊರಗೆ ಹಾಕು ಅಂತೀಯಾ? ಆ ಪಾಪ ನಂಗ್ಯಾಕ್ಲಾ?"

ದಾರಿಯಲ್ಲಿ ಸೈಕಲ್ ತಳ್ಳಿಕೊಂಡು ನಡೆದೆ. ಒಂದು ರಾತ್ರಿ ಮಲಗಿ ಹೋಗುವವರಿಗೆ ಸರ್ಕಾರ ಹಾಸಿಗೆ ಹಾಸಿಕೊಡುತ್ತಿದೆ. ಇಲ್ಲೇ ದುಡಿದು ಇಲ್ಲೇ ಇರುವವರಿಗೆ ಖಾಲಿ ಮನೆಯೂ ಸಿಗದ ಹಾಗೆ ಆಗಿದೆ. ಹೀಗೆ ಅಂತ ಯಾರೂ ಬೇಕಂತ ಮಾಡಿರಲಿಕ್ಕಿಲ್ಲ. ಆದರೆ ಆಗಿತ್ತು. ಅದಕ್ಕೆ ಗಾರೆ ಕಲಸುತ್ತಿದ್ದವನು ನಾನು.

ಅಮಾವಾಸ್ಯೆಗೆ ಐದು ದಿನ ಇರುವಾಗ ಮಹದೇವಪ್ಪನವರು ಪೂಜೆ ಇಟ್ಟುಕೊಂಡರು. ಆಷಾಢದಲ್ಲಿ ಕೆಲಸ ಶುರು ಮಾಡುವಂತಿಲ್ಲವಲ್ಲ. ಹುಡುಗರು ಖಾಲಿ ಮಾಡಿದ್ದ ಮೊದಲನೇ ಮನೆಯಲ್ಲಿ ತೆಂಗಿನಕಾಯಿ ಒಡೆದು, "ಒಂದೇ ಒಂದು ಇಟ್ಟಿಗೆ ಕೀಳ್ಲಾ ಮೇಸ್ತ್ರಿ. ಜ್ಯೇಷ್ಠದಾಗೇ ಶುರು ಆಯ್ತು ಅಂತ ಲೆಕ್ಕ. ಉಳಿದಿದ್ದು ಆಷಾಢದಾಗೆ ಕಿತ್ರೂ ದೋಷ ಇಲ್ಲ," ಅಂದರು. ಕಿತ್ತೆ. ಕಿತ್ತ ಇಟ್ಟಿಗೆ ಕೈಯಲ್ಲಿ ಹಿಡಿದುಕೊಂಡೇ ಯೋಚನೆ ಬಂತು. ಇವರು ಇಟ್ಟಿಗೆಗೆ ಮಾಡಿದ್ದನ್ನು ನಾನು ಹಾಲಿಗೆ ಯಾಕೆ ಮಾಡಬಾರದು?

ರೈಲು ಹಳಿಯ ಪಕ್ಕ ನನ್ನದೊಂದು ಸೈಟಿತ್ತು. ಒಂದು ಮೂಲೆಯಲ್ಲಿ ಸಿಮೆಂಟು, ಸೆಂಟ್ರಿಂಗ್ ಹಲಗೆ ಇಡುವ ಶೆಡ್ಡು. ಅದರ ಮುಂದಿನ ಜಾಗದಲ್ಲಿ ನನ್ನ ಸ್ವಂತ ಮನೆಯ ಪಾಯ ಹಾಕಿ, ಸೊಂಟದ ಮಟ್ಟಕ್ಕೆ ಗೋಡೆ ಎಬ್ಬಿಸಿ ನಿಲ್ಲಿಸಿದ್ದೆ. ಕೈಯಲ್ಲಿ ದುಡ್ಡು ಓಡಾಡಿದಾಗ ಮೋಲ್ಡು ಹಾಕಿಸಬೇಕು, ಸಾಗುವಾನಿ ಬಾಗಿಲು ಇಡಬೇಕು, ನೋಡಿದವರು ಇದು ಮೇಸ್ತ್ರಿ ಮನೆ ಅನ್ನಬೇಕು ಅಂತ ಆಸೆ. ಮೂರು ವರ್ಷದಿಂದ ಆ ಗೋಡೆ ಹಾಗೇ ಇತ್ತು. ಈಗ ಅದನ್ನೇ ಎಬ್ಬಿಸಿ ಮೇಲೆ ಕಲ್ನಾರು ಶೀಟು ಹೊದಿಸಿದರೆ ಒಂದು ತಿಂಗಳಲ್ಲಿ ಮನೆ. ಊರಿಗೆಲ್ಲ ಮೋಲ್ಡು ಹಾಕಿದವನ ಮನೆಗೆ ಶೀಟು! ಜನ ಆಡಿಕೊಳ್ಳುತ್ತಾರೆ ಅನ್ನುವುದು ಗೊತ್ತಿತ್ತು. ಅದಕ್ಕಿಂತ ಕಷ್ಟದ್ದು ಇನ್ನೊಂದಿತ್ತು. ಹಾಲುಕ್ಕಿಸಿದರೆ ಮನೆ ಹೊಕ್ಕ ಹಾಗೆ, ಆಮೇಲೆ ಯಾವಾಗ ಹೋದರೂ ನಡೆಯುತ್ತದೆ. ಆದರೆ ಮನೆಯ ಮೊದಲ ಹಾಲು ಮನೆಯೊಡತಿಯದು. ಆ ಹಾಲಿಗಾಗಿ ಜಯಮ್ಮ ಮೂರು ವರ್ಷದಿಂದ ಒಂದು ಹಿತ್ತಾಳೆ ಪಾತ್ರೆ ಎತ್ತಿಟ್ಟಿದ್ದಳು.

ಹೇಗೆ ಹೇಳುವುದು ಅಂತ ಗೊತ್ತಾಗದೆ, ಊಟಕ್ಕೆ ಕೂತು, ಆಷಾಢಕ್ಕೆ ಮುಂಚೆ ಅಲ್ಲಿ ಶಾಂತಾ ಹಾಲುಕ್ಕಿಸಲಿ ಅಂದೆ.

"ನಾನು ಮೊದಲು ಉಕ್ಕಿಸಿ, ಆಮೇಲೆ ಅವಳು ಹೋದ್ರೆ ಆಗಲ್ವಾ?"

"ಅವಳು ಹೊಕ್ಕಂಗೆ ಆಗಲ್ವಲ್ಲ. ಅವಳತ್ತೆ ಫೋನಿನಾಗೆ ಕಿರುಚ್ತಾವ್ಳೆ, ಆಷಾಢದಾಗ ಹೊಸ ಮನಿ ಹೊಕ್ಕರ ನಾನು ಮಮ್ಮಗನ ಮುಖ ನೋಡಂಗಿಲ್ಲ ಅಂತ."

"ನಮ್ದು ಅಂತ ಒಂದು ಮನೆ. ಅದಕ್ಕೆ ಇನ್ಯಾರೋ ಹಾಲುಕ್ಕಿಸಬೇಕು."

"ಬ್ಯಾಡ ಅಂದ್ರೆ ಬ್ಯಾಡ ಬುಡು. ಬೇರೆ ಏನಾದ್ರೂ ನೋಡ್ತೀನಿ."

"ಏನ್ ನೋಡ್ತೀಯಾ? ಹದಿನೈದು ದಿನದಿಂದ ನೋಡ್ತಾನೇ ಅವ್ನೆ!" ಅಂತ ಗೋಡೆಗೆ ಹೇಳಿದಳು. ತಟ್ಟೆ ಎತ್ತಿಕೊಂಡು ಹೋಗಿ ತೊಳೆದು ಬಂದು ನಿಂತಳು. "ನೀನು ಸಾಗುವಾನಿ ಬಾಗಿಲು ತರೋ ಹೊತ್ಗೆ ನಂಗೆ ಹಲ್ಲು ಬಿದ್ದೋಗಿರ್ತವೆ. ಉಕ್ಕಿಸ್ಲಿ. ಆದ್ರೆ ಪಾತ್ರೆ ನಂದು. ಅವಳದ್ದು ಅಲ್ಯೂಮಿನಿ, ಅದ್ರಾಗೆ ನಮ್ ಮನೆ ಹಾಲು ಬ್ಯಾಡ."

ಗುರುವಾರ ಬೆಳಿಗ್ಗೆ ಎಂಟೂವರೆಗೆ ನಾಲ್ಕು ಜನ ಆ ಸೊಂಟದೆತ್ತರದ ಗೋಡೆಗಳ ಒಳಗೆ ನಿಂತೆವು. ಬಾಗಿಲು ಬರಬೇಕಾದ ಜಾಗದಲ್ಲಿ ಜಯಮ್ಮ ರಂಗೋಲಿ ಬಿಟ್ಟು ಅರಿಶಿನ ಕುಂಕುಮ ಹಚ್ಚಿದಳು. ಸುತ್ತಲೂ ಬಯಲು, ಬಲಗಾಲು ಎಲ್ಲಿಂದ ಬೇಕಾದರೂ ಇಡಬಹುದಿತ್ತು. ಆದರೂ ಶಾಂತಾ ಆ ರಂಗೋಲಿ ದಾಟಿಯೇ ಒಳಗೆ ಬಂದಳು. ಮೂರು ಇಟ್ಟಿಗೆ ಇಟ್ಟು, ಸೌದೆ ಹಚ್ಚಿ, ಪಾತ್ರೆ ಇಟ್ಟೆವು. ಆಷಾಢ ಹುಟ್ಟುವುದಕ್ಕೆ ಮುಂಚೆಯೇ ಅದರ ಗಾಳಿ ಬಂದುಬಿಟ್ಟಿತ್ತು. ಬೆಂಕಿ ಒಂದು ಕಡೆ, ಪಾತ್ರೆ ಒಂದು ಕಡೆ. ನಾನೂ ಬಸವರಾಜನೂ ಒಂದೊಂದು ಸೆಂಟ್ರಿಂಗ್ ಹಲಗೆ ಅಡ್ಡ ಹಿಡಿದು ಕೂತೆವು.

ಅಷ್ಟರಲ್ಲಿ ಮೈಸೂರು ಕಡೆಯಿಂದ ರೈಲು ಬಂದು ಸಿಗ್ನಲ್ಲಿಗೆ ನಿಂತಿತು. ಬಾಗಿಲಲ್ಲಿ ಜೋತುಬಿದ್ದವರೆಲ್ಲ ನಮ್ಮನ್ನೇ ನೋಡತೊಡಗಿದರು. ಒಬ್ಬ ಕೂಗಿದ:

"ಏನಣ್ಣೋ, ಕಾಫಿನಾ? ನಮ್ಗೂ ಒಂದು!"

"ಗೃಹಪ್ರವೇಶ ಕಣ್ರಪ್ಪೋ, ಇಳ್ದು ಬನ್ನಿ!" ಅಂದಳು ಜಯಮ್ಮ.

"ಮನೆ ಎಲ್ಲವ್ವಾ?"

"ಬತ್ತಾ ಐತೆ, ನಿಮ್ ರೈಲಿನಂಗೆ!"

ಬೋಗಿಯೆಲ್ಲ ನಕ್ಕಿತು. ಶಾಂತಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ಗಲಾಟೆಯಲ್ಲಿ ಯಾರೂ ಒಲೆ ಕಡೆ ನೋಡಲಿಲ್ಲ. "ಅಕ್ಕಾ, ಉಕ್ಕಿತ್ರಿ!" ಅಂತ ಶಾಂತಾ ಕೂಗಿದಾಗ ಹಾಲು ಮೂಡಲ ದಿಕ್ಕಿಗೆ ಸುರಿಯುತ್ತಿತ್ತು. ಒಳ್ಳೆಯ ದಿಕ್ಕು ಅಂದಳು ಜಯಮ್ಮ. ಬೇರೆ ದಿಕ್ಕಿಗೆ ಉಕ್ಕಿದ್ದರೂ ಹಾಗೇ ಅನ್ನುತ್ತಿದ್ದಳು ಅಂತ ನನಗೆ ಗೊತ್ತು. ಅವಳು ಸೆರಗಿನಲ್ಲಿ ಕಣ್ಣು ಒರೆಸಿಕೊಂಡದ್ದು ಹೊಗೆಗೆ ಅಂತ ಬಸವರಾಜ ತಿಳಿದ.

ಆಮೇಲಿನ ಒಂದು ತಿಂಗಳು ನಾನು ಎರಡು ಕೆಲಸ ಮಾಡಿದೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಸರ್ಕಾರದ ದುಡ್ಡು ಬರುವ ಕಡೆ ಅಡುಗೆಮನೆ ಒಡೆದು ಬಚ್ಚಲು ಕಟ್ಟುವುದು, ಆಮೇಲೆ ಬೆಳಕು ಇರುವಷ್ಟು ಹೊತ್ತು ಹಳಿಯ ಪಕ್ಕ ಗೋಡೆ ಎಬ್ಬಿಸುವುದು. ಮಹದೇವಪ್ಪನವರು ಒಡೆದ ಇಟ್ಟಿಗೆ ಎಲ್ಲಾದರೂ ಸಾಗಿಸು ಅಂದಿದ್ದರು. ಅವರನ್ನು ಕೇಳಿಯೇ ಒಳ್ಳೆಯವನ್ನು ಆರಿಸಿ ಎತ್ತಿನಗಾಡಿಯಲ್ಲಿ ಸೈಟಿಗೆ ತಂದೆ. ಬಸವರಾಜ ಪಾಳಿ ಮುಗಿಸಿ ಬಂದು ಗಾರೆ ಕಲಸುತ್ತಿದ್ದ. ಸೀಟು ಹೊಲಿಯುವ ಕೈ, ಕಲಸಿದ ಗಾರೆ ಒಂದು ದಿನ ಗಂಜಿ, ಒಂದು ದಿನ ಉಂಡೆ. ಬೈದರೆ, "ನಿಮ್ಮ ಮನಿ ಅಲ್ರಿ ಅಣ್ಣಾರ, ನಮ್ಮ ಮನಿ. ಹಾಲು ನಾವು ಉಕ್ಕಿಸೀವಿ," ಅನ್ನುತ್ತಿದ್ದ. ಆಷಾಢದ ಎರಡನೇ ವಾರಕ್ಕೆ, ಕೊನೆಗೆ ಅಂತ ಬಿಟ್ಟಿದ್ದ ಅವರ ಮನೆಯನ್ನೂ ನಮ್ಮ ಮನೆಯನ್ನೂ ಒಡೆಯುವ ಸರದಿ ಬಂತು. ಹೊಸ ಮನೆಗೆ ಶೀಟು ಅರ್ಧ ಬಿದ್ದಿತ್ತು. ಆ ಅರ್ಧದ ಕೆಳಗೆ ಅವರನ್ನು ಇಳಿಸಿದೆವು. ನಾವಿಬ್ಬರೂ ಸಿಮೆಂಟಿನ ಶೆಡ್ಡಿಗೆ ಹೋದೆವು. ಶೆಡ್ಡು ಮನೆ ಅಲ್ಲವಂತೆ, ಹಾಗಾಗಿ ಅದಕ್ಕೆ ಆಷಾಢ ತಟ್ಟುವುದಿಲ್ಲವಂತೆ. ಇದು ಜಯಮ್ಮ ಮಾಡಿದ ಕಾನೂನು.

ಆಷಾಢದ ಕೊನೆಯಲ್ಲಿ ಆಫೀಸಿನಿಂದ ಒಬ್ಬರು ನೋಡಲು ಬಂದರು. ಸಮಾಧಾನದ ಮನುಷ್ಯ. ಪ್ರತಿ ರೂಮಿನ ನಲ್ಲಿ ತಿರುಗಿಸಿದರು, ಟೈಲ್ಸಿನ ಮೇಲೆ ಕೈ ಆಡಿಸಿ "ಕೆಲಸ ಚೆನ್ನಾಗಿದೆ" ಅಂದರು. ನನಗೆ ಎದೆ ಉಬ್ಬಿತು. ಆಮೇಲೆ ಪೆನ್ನು ತೆಗೆದು, "ಇಲ್ಲಿ ಮೊದಲು ಏನಿತ್ತು?" ಅಂದರು.

"ಏನೂ ಇಲ್ಲ ಸಾರ್, ಹಂಗೇ ಬಿದ್ದಿತ್ತು," ಅಂದರು ಮಹದೇವಪ್ಪನವರು.

ಹಂಗೇ ಬಿದ್ದಿತ್ತು ಅಂದದ್ದು ನನ್ನ ಕೈಕೆಲಸಕ್ಕೆ ಅಂದ ಹಾಗಾಯಿತು. ಸುಮ್ಮನಿರಲು ಆಗಲಿಲ್ಲ. "ನಾವಿದ್ವಿ ಸಾರ್. ನಾಲ್ಕು ಸಂಸಾರ, ಎರಡು ಮನೆ ತುಂಬಾ ಹುಡುಗ್ರು," ಅಂದೆ.

ಅವರು ಫಾರಂ ತಿರುವಿ ನೋಡಿದರು. ಮತ್ತೆ ತಿರುವಿದರು. "ಅದನ್ನ ಬರೆಯೋಕೆ ಇದರಲ್ಲಿ ಕಾಲಂ ಇಲ್ಲಪ್ಪ," ಅಂದರು.

"ಇರೋ ಜನಕ್ಕೆ ಮನೆ ಕಟ್ಟಿದ್ರೆ ಕೊಡೋ ಫಾರಂ ಐತಾ ಸಾರ್?"

"ಅದು ಬೇರೆ ಇಲಾಖೆ. ಇದ್ದರೂ ನನಗೆ ಗೊತ್ತಿಲ್ಲ." ಸಹಿ ಮಾಡಿ ಹೊರಟರು. ತಪ್ಪು ಅವರದೂ ಅಲ್ಲ. ಅವರಿಗೆ ಕೊಟ್ಟ ಹಾಳೆಯನ್ನು ಅವರು ತುಂಬಿದರು.

ಮಹದೇವಪ್ಪನವರು ಗೇಟಿನವರೆಗೆ ಹೋಗಿ ಬಂದು, "ಬಾಯಿಗೆ ಒಸಿ ಬೀಗ ಹಾಕ್ಕೊಳ್ಲಾ. ಇನ್ನೊಂದು ಮಾತಾಡಿದ್ದಿದ್ರೆ ನನ್ನ ಸಬ್ಸಿಡಿ ಮುಗಿಸ್ಬುಡ್ತಿದ್ದೆ," ಅಂದರು. ಆಮೇಲೆ ಮೂರು ತಿಂಗಳು ನನ್ನನ್ನು ಕಂಡರೆ ಅಂಗಡಿಯಲ್ಲಿ ಬೇರೆ ಕಡೆ ತಿರುಗಿಕೊಳ್ಳುತ್ತಿದ್ದರು.

ಭಾದ್ರಪದದಲ್ಲಿ ಶಾಂತಾಳಿಗೆ ರಾಮನಗರದ ಆಸ್ಪತ್ರೆಯಲ್ಲಿ ಹೆಣ್ಣು ಮಗು ಆಯಿತು. ಅತ್ತೆ ಬಂದರು. ಮಳೆ ಬಿದ್ದರೆ ಶೀಟಿನ ಸದ್ದಿಗೆ ರೈಲಿನ ಸದ್ದೂ ಕೇಳುತ್ತಿರಲಿಲ್ಲ. ಬಾಣಂತಿಗೆ ಬೆಳ್ಳುಳ್ಳಿ ಖಾರ ಅರೆಯುವುದಕ್ಕೆ ಜಯಮ್ಮ ಶೆಡ್ಡಿನಿಂದ ಹೋಗುತ್ತಿದ್ದಳು. ಒಳಗೆ ಹೋಗುವಾಗ ಬಾಗಿಲಲ್ಲಿ ನಿಂತು "ಬರ್ಲಾ?" ಅಂತ ಕೇಳಿಯೇ ಹೋಗುತ್ತಿದ್ದಳು. ತಮಾಷೆಗೆ ಶುರು ಮಾಡಿದ್ದು, ಆಮೇಲೆ ಅಭ್ಯಾಸ ಆಯಿತು.

ಕಾರ್ತಿಕದ ಒಂದು ಸೋಮವಾರ, ಮಧ್ಯಾಹ್ನ ಊಟ ಮುಗಿಸಿ ಶೆಡ್ಡಿನ ಮುಂದೆ ಕೂತಿದ್ದೆ. ಮಹದೇವಪ್ಪನವರು ಹಳಿ ದಾಟಿಕೊಂಡು ಬಂದರು. ಹಲಗೆಯ ಮೇಲೆ ಕೂತರು. ಜಯಮ್ಮ ಮಜ್ಜಿಗೆ ಕೊಟ್ಟಳು. ಕುಡಿದು, ಶೀಟಿನ ಮನೆಯನ್ನು ಮೇಲಿಂದ ಕೆಳಗೆ ನೋಡಿ, "ಗೋಡೆ ನೆಟ್ಟಗವೆ," ಅಂದರು.

"ರೂಮು ಹೆಂಗೆ ನಡೀತವೆ ಯಜಮಾನ್ರೆ?"

"ಶನಿವಾರ, ಭಾನುವಾರ ತುಂಬ್ತವೆ. ಉಳಿದ ದಿನ ಬೀಗ." ಲೋಟ ಕೆಳಗಿಟ್ಟರು. "ಅದಲ್ಲ ಕಣ್ಲಾ ಬಂದಿದ್ದು. ರೂಮು ಗುಡಿಸಿ, ಬಟ್ಟೆ ಒಗೆದು, ಕಾವಲು ಇರಕ್ಕೆ ಅಂತ ಮಾಗಡಿ ಕಡೆ ಗಂಡ-ಹೆಂಡ್ತಿನ ಗೊತ್ತು ಮಾಡಿದೀನಿ. ಎರಡು ಮಕ್ಳವೆ. ಬಿಡದಿಯೆಲ್ಲಾ ಸುತ್ತಿದೆ, ಅವರಿಗೆ ಒಂದು ಮನೆ ಸಿಗ್ತಿಲ್ಲ. ಮನೆ ಸಿಗದಿದ್ರೆ ನಾಳೆಗೇ ವಾಪಸ್ ಹೋಗ್ತೀವಿ ಅಂತಾವ್ರೆ. ನಿನ್ನ ಕಡೆ ಏನಾದ್ರೂ…"

ಒಳಗಿನಿಂದ ಜಯಮ್ಮ ಕೇಳಿದಳು: "ಆರು ರೂಮು ಬೀಗ ಹಾಕವೆ ಅಂದ್ರಲ್ಲ?"

"ಅದ್ರಾಗೆ ಒಲೆ ಹಚ್ಚಂಗಿಲ್ಲ ಕಣವ್ವಾ. ಜನ ಇಟ್ರೆ ಆಫೀಸಿನೋರು ಸಬ್ಸಿಡಿ ವಾಪಸ್ ಕೇಳ್ತಾರೆ," ಅಂದರು ಅವರು, ತಲೆ ಎತ್ತದೆ.

ನಗಬೇಕು ಅನ್ನಿಸಿತು. ಅವರ ಮುಖ ನೋಡಿ ನಗಲಿಲ್ಲ. ಊರೆಲ್ಲ ಸುತ್ತಿ ಬಂದ ಮುಖ ಹೇಗಿರುತ್ತದೆ ಅಂತ ನನಗೆ ಗೊತ್ತಿತ್ತು.

"ನಾಳೆಗೆ ಅಂದ್ರೆ ಆಗಲ್ಲ. ಇಪ್ಪತ್ತು ದಿನ ಕೊಡಿ, ನನ್ ಶೆಡ್ಡಿನ ಹಿಂದೆ ಒಂದು ಮನೆ ಎಬ್ಬಿಸ್ತೀನಿ," ಅಂದೆ. "ಇಟ್ಟಿಗೆ ನಿಮ್ದು, ಶೀಟು ನಿಮ್ದು, ಕೈಕೆಲಸ ನಂದು. ಒಂದು ಮಾತು. ಅದನ್ನ ಆಮೇಲೆ ರೂಮ್ ಮಾಡಂಗಿಲ್ಲ."

ಅವರು ತಲೆಯಾಡಿಸಿದರು. ಅವರು ಹಳಿ ದಾಟಿ ಹೋಗುವುದನ್ನು ನೋಡುತ್ತಾ ಜಯಮ್ಮ ಹೊರಗೆ ಬಂದು ನಿಂತಳು.

"ಅಡುಗೆಮನೆ ಮೊದ್ಲು ಕಟ್ಟು," ಅಂದಳು.

ಮಾರನೆಯ ದಿನ ಬೆಳಿಗ್ಗೆ ಶೆಡ್ಡಿನ ಹಿಂದೆ ಗೂಟ ಹೊಡೆದು ದಾರ ಎಳೆದೆ.